ಚಿತ್ರ ಕೊಳ್ಳುವವರು ಕಡಿಮೆ, ಚಿತ್ರ ಬೇಕಾದವರು ಬಹಳ

“ಸರ, ನಮ್ಮ ಹುಡುಗ ಚೊಲೋ ಚಿತ್ರ ತೆಗೀತಾನ್ರಿ. ಇದರಾಗ ಹೊಟ್ಟಿ ತುಂಬತೈತೇನ್ರಿ?” ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ಬರುವ ತಂದೆ–ತಾಯಿಗಳು ಕೇಳುವ ಪ್ರಶ್ನೆ ಇದೊಂದೇ. ತುಂಬುತ್ತದೆ ಎಂದೇ ಹೇಳುತ್ತೇನೆ. ಆದರೆ ಹುಡುಗ ಕನಸಿನಲ್ಲಿ ಕಂಡ ಕೆಲಸದಿಂದ ಮೊದಮೊದಲು ತುಂಬುವುದಿಲ್ಲ. ಗದಗ ಸೀಮೆಯಲ್ಲಿ ಗ್ಯಾಲರಿಗೆ ಹೋಗಿ ಚಿತ್ರ ಕೊಳ್ಳುವವರನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಚಿತ್ರ ಬೇಕಾದವರು ಮಾತ್ರ ಓಣಿಗೊಬ್ಬರು ಸಿಗುತ್ತಾರೆ: ಮಠ, ಶಾಲೆ, ನಾಟಕ ಮಂಡಳಿ, ತೀರಿಹೋದ ಅಜ್ಜನ ಫೋಟೋ ದೊಡ್ಡದು ಮಾಡಿಸುವ ಮನೆ. ಅವರ ಕೆಲಸ ಮಾಡುತ್ತ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಅಕ್ಷರ ಬರೆಯಲು ಕಲಿಯಿರಿ

ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಬಹುಪಾಲು ಹೋಯಿತು. ಆದರೂ ಶಾಲೆಯ ಗೋಡೆ, ಗುಡಿಯ ಮಹಾದ್ವಾರ, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿ ಇನ್ನೂ ಕೈಬರಹವನ್ನೇ ಕೇಳುತ್ತವೆ. ಕಲಾಶಾಲೆಯಲ್ಲಿ ಓದಿದ ಹುಡುಗರು ಇದನ್ನು ಪೇಂಟರನ ಕೆಲಸ ಎಂದು ಮೂಗು ಮುರಿಯುತ್ತಾರೆ. ಮುರಿಯುವ ಮೊದಲು ಒಂದು ಉದ್ದ ಗೋಡೆಯ ಮೇಲೆ ‘ಲಕ್ಷ್ಮೇಶ್ವರ’ ಎಂದು ಬರೆದು ನೋಡಲಿ. ‘ಕ್ಷ್ಮೇ’ಯ ಒತ್ತುಗಳು ಕೆಳಗೆ ಇಳಿಯುತ್ತವೆ, ದೀರ್ಘ ಬಲಕ್ಕೆ ಜಾಗ ಬೇಡುತ್ತದೆ, ಪಕ್ಕದಲ್ಲೇ ‘ಶ್ವ’ದ ಒತ್ತು ಕಾದು ನಿಂತಿರುತ್ತದೆ. ‘ಗದಗ’ ಎಂದು ಬರೆಯುವುದಕ್ಕೆ ಈ ತಾಪತ್ರಯವಿಲ್ಲ. ಒತ್ತಿಗೆ ಎಷ್ಟು ಜಾಗ ಬಿಡಬೇಕು, ಸಾಲು ಎಲ್ಲಿ ಮುಗಿಯಬೇಕು, ದೂರದಿಂದ ಯಾವ ದಪ್ಪ ಓದಿಸಿಕೊಳ್ಳುತ್ತದೆ ಎಂಬುದು ಕೈಗೆ ಹತ್ತಿದವನಿಗೆ ಚಿತ್ರದ ಸಂಯೋಜನೆಯನ್ನು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರೆದೇ ಹೆಸರಾದವರು. ಹೊಟ್ಟೆಪಾಡಿನ ಕೆಲಸದಿಂದ ಅವರ ಕುಂಚ ಸಣ್ಣದಾಗಲಿಲ್ಲ.

2. ಹೋಲಿಕೆ ಬಾರದಿದ್ದರೆ ಈ ಸೀಮೆಯಲ್ಲಿ ಕೆಲಸವಿಲ್ಲ

ಇಲ್ಲಿಯ ದೊಡ್ಡ ಮಾರುಕಟ್ಟೆ ಭಾವಚಿತ್ರದ್ದು. ಮನೆಯವರು ತರುವುದು ಹಳೆಯ ಪಾಸ್‌ಪೋರ್ಟ್ ಅಳತೆಯ ಫೋಟೋ, ಇಲ್ಲವೆ ಮದುವೆಯ ಗುಂಪಿನ ಹಿಂದೆ ಅರ್ಧ ಮುಖ ಕಾಣುವ ಚಿತ್ರ, ಇತ್ತೀಚೆಗೆ ಮೊಬೈಲಿನಲ್ಲಿ ಹತ್ತಿರದಿಂದ ತೆಗೆದದ್ದು. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದು ಕಾಣುತ್ತದೆ. ಅದನ್ನು ಚೌಕ ಹಾಕಿ ಅಳೆದು ಅಳೆದು ಬರೆದರೆ ಅಳತೆ ಸರಿಯಾಗುತ್ತದೆ, ಮನುಷ್ಯ ಬೇರೆಯವನಾಗುತ್ತಾನೆ. ಅದಕ್ಕೇ ಇನ್ನೊಂದು ಫೋಟೋ ಕೇಳಿ, ಮಗನನ್ನೋ ತಮ್ಮನನ್ನೋ ಎದುರಿಗೆ ಕೂಡಿಸಿಕೊಂಡು ದವಡೆಯ ತಿರುವನ್ನು ನೋಡಿ.

“ಎಲ್ಲಾ ಬರೋಬರಿ ಐತ್ರಿ, ಆದ್ರ ನಮ್ಮಪ್ಪ ಅಲ್ಲ” ಎಂದು ಮನೆಯವರು ಹೇಳಿದರೆ ವಾದ ಮಾಡಬೇಡಿ. ಎಲ್ಲಿ ತಪ್ಪಿದೆ ಎಂದು ಅವರಿಗೆ ಹೇಳಲು ಬರುವುದಿಲ್ಲ, ತಪ್ಪಿದೆ ಎಂಬುದಂತೂ ಖಾತ್ರಿ. ಚಿತ್ರವನ್ನು ತಲೆಕೆಳಗು ಮಾಡಿ, ಕನ್ನಡಿಯಲ್ಲಿ ಹಿಡಿದು ನೋಡಿ. ಬಹಳ ಸಲ ತಪ್ಪು ಮೇಲ್ತುಟಿಯಲ್ಲೋ ಹುಬ್ಬಿಗೂ ರೆಪ್ಪೆಗೂ ನಡುವಿನ ಜಾಗದಲ್ಲೋ ಕೂತಿರುತ್ತದೆ.

ಹೋಲಿಕೆ ಕಣ್ಣಿನಲ್ಲಿರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಗದಗಿನವರಿಗೆ ಈ ಪಾಠ ಅರ್ಧ ಮಾತ್ರ ಸಾಕಾಗುತ್ತದೆ. ಇಲ್ಲಿ ಹೆಚ್ಚು ಬೇಡಿಕೆಯಿರುವ ಭಾವಚಿತ್ರಗಳಲ್ಲಿ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳದ್ದೂ ಸೇರಿದೆ: ಪಂಚಾಕ್ಷರಿ ಗವಾಯಿಗಳು ಮತ್ತು 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರ ಹೋಲಿಕೆಯನ್ನು ಹಣೆಯ ಅಗಲ, ರುಮಾಲಿನ ಅಂಚು, ತುಟಿಯ ಬಿಗಿ, ಕೇಳುವವರ ಹಾಗೆ ತುಸು ವಾಲಿದ ಕತ್ತಿನಲ್ಲಿ ಹುಡುಕಬೇಕು. ಒಮ್ಮೆ ಇದನ್ನು ಸಾಧಿಸಿದವನು ಆಮೇಲೆ ಯಾವ ಮುಖದಲ್ಲೂ ಕಣ್ಣಿನ ಮೇಲೇ ಎಲ್ಲ ಭಾರ ಹಾಕುವುದಿಲ್ಲ.

ಮಠಗಳ ಕೆಲಸಕ್ಕೆ ಇನ್ನೊಂದು ಎಚ್ಚರ ಬೇಕು. ವಿಭೂತಿಯ ಪಟ್ಟೆ, ರುದ್ರಾಕ್ಷಿಯ ಸಾಲು, ಕಾವಿಯ ಛಾಯೆ ಮಠದಿಂದ ಮಠಕ್ಕೆ ಬೇರೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಬರೆಯುವಾಗ ಬೇರೆ ಕಡೆಯ ರೂಢಿಯನ್ನು ಹಾಗೇ ಎತ್ತಿಕೊಂಡು ಹೋದರೆ ನಡೆಯದು. ಭಕ್ತರ ಕಣ್ಣು ಮುಖಕ್ಕಿಂತ ಮೊದಲು ಇವುಗಳ ಮೇಲೆ ಬೀಳುತ್ತದೆ. ಹೋಗಿ ಕೂತು, ಹಿರಿಯರನ್ನು ಕೇಳಿ, ಆಮೇಲೆ ಪೆನ್ಸಿಲ್ ತೆಗೆಯಿರಿ.

3. ಹಣ ಕೊಟ್ಟು ಬರೆಸಿದ ಚಿತ್ರ ಯಾರದ್ದು?

ಬರೆದವನದ್ದು ಎಂದೇ ನಮ್ಮ ಹುಡುಗರು ತಿಳಿದಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮು ಹಾಗೆ ಹೇಳುವುದಿಲ್ಲ. ಯಾರಾದರೂ ಹಣ ಕೊಟ್ಟು ಬರೆಸಿದ ಚಿತ್ರ ಅಥವಾ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಅಂದರೆ ನೀವು ಬರೆದ ಸ್ವಾಮಿಗಳ ಚಿತ್ರವನ್ನು ಬರೆಸಿದವರು ಕ್ಯಾಲೆಂಡರ್ ಮಾಡಿಸಿದರೆ ಮತ್ತೆ ಹಣ ಕೇಳಲು ನಿಮಗೆ ಆಧಾರವಿರುವುದಿಲ್ಲ. ಕ್ಯಾಲೆಂಡರ್, ಪುಸ್ತಕದ ಮುಖಪುಟಕ್ಕೆ ಬಳಸಿದರೆ ಬೇರೆ ದರ ಎಂದು ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿದರೆ ಸಾಕು. ಚಿತ್ರ ಬರೆದವರು ತಾವೆಂದು ಹೇಳಿಕೊಳ್ಳುವ ಹಕ್ಕು ಮಾತ್ರ 57ನೇ ಕಲಮಿನಂತೆ ಕಲಾವಿದನ ಬಳಿಯೇ ಉಳಿಯುತ್ತದೆ. ಆದ್ದರಿಂದ ಮೂಲೆಯಲ್ಲಿ ಹೆಸರು ಬರೆಯಲು ನಾಚಬೇಡಿ.

4. ಸಂಚಕಾರ

ಸಾಮಾನಿನ ಖರ್ಚಾದರೂ ಮೊದಲು ಕೈಗೆ ಬರಲಿ. ಗೋಡೆಯ ಕೆಲಸಕ್ಕೆ ಚದರಡಿ ಲೆಕ್ಕ, ಭಾವಚಿತ್ರಕ್ಕೆ ಅಳತೆಯ ಲೆಕ್ಕ ಇಟ್ಟುಕೊಂಡರೆ ಚೌಕಾಸಿ ಕಡಿಮೆ. ಪರಿಚಯದವರಿಗೆ ಉದ್ರಿ ಬರೆದರೆ ಚಿತ್ರವೂ ಹೋಗುತ್ತದೆ, ಪರಿಚಯವೂ ಹೋಗುತ್ತದೆ. ದೇವರ ಕೆಲಸಕ್ಕೆ ಹಣ ಕೇಳುವುದು ಹೇಗೆ ಎಂದು ಅಳುಕುವವರು, ಗುಡಿ ಕಟ್ಟಿದ ಗೌಂಡಿಯೂ ಪಗಾರ ತೆಗೆದುಕೊಂಡಿದ್ದಾನೆ ಎಂಬುದನ್ನು ನೆನಪಿಡಲಿ.

5. ನಿಮ್ಮ ಸ್ವಂತ ಅಭ್ಯಾಸಕ್ಕೆ ಕಲ್ಲಿನ ಹತ್ತಿರ ಹೋಗಿ

ಇಂಟರ್‌ನೆಟ್ಟಿನ ಚಿತ್ರ ನೋಡಿ ನಕಲು ತೆಗೆಯುವ ಹುಡುಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬಸ್ಸು ಹತ್ತಿದರೆ ಲಕ್ಕುಂಡಿ ಇದೆ. ಅಲ್ಲಿಯ ಬಳಪದ ಕಲ್ಲು ಹೊಸದಾಗಿ ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿ. ಅದಕ್ಕೇ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದಲ್ಲಿ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಕಡೆದು ತಿರುವಿದ ಕಂಬಗಳ ಮುಂದೆ ಕೂತು ಒಂದರ ಮೇಲೊಂದು ಬರುವ ಬಳೆಗಳನ್ನು ಬರೆಯಿರಿ. ಕಣ್ಣಿನ ಮಟ್ಟದ ಬಳೆ ನೇರ ಗೆರೆಯಾಗಿ ಕಾಣುತ್ತದೆ, ಮೇಲಿನದು ಮೇಲಕ್ಕೆ ಬಾಗುತ್ತದೆ, ಕೆಳಗಿನದು ಕೆಳಕ್ಕೆ ಬಾಗುತ್ತದೆ. ದೃಷ್ಟಿಕೋನದ ಪಾಠವನ್ನು ಹಲಗೆಯ ಮೇಲೆ ಎಷ್ಟು ಹೇಳಿದರೂ ಆ ಕಂಬದಷ್ಟು ಸ್ಪಷ್ಟವಾಗುವುದಿಲ್ಲ. ಮಧ್ಯಾಹ್ನ ಹೋಗಬೇಡಿ. ನೆತ್ತಿಯ ಬಿಸಿಲಿಗೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಓರೆ ಬೆಳಕಿಗೆ ಎದ್ದು ಬರುತ್ತದೆ.

ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದರೆ ದೊಡ್ಡಬಸಪ್ಪನ ಗುಡಿ. ಹೊರಗೋಡೆಯ ನಕ್ಷೆ 24 ಮೂಲೆಗಳ ನಕ್ಷತ್ರ. ಕಾಗದದ ಮೇಲೆ ಒಂದು ಚೌಕ ಹಾಕಿ, ಅದೇ ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತ ಆರು ಚೌಕ ಬರೆಯಿರಿ. 24 ಮೂಲೆ ತಾನಾಗಿ ಬರುತ್ತವೆ. ಬಿಸಿಲು ಅದರ ಒಂದೊಂದು ಮೂಲೆಗೂ ಒಂದೊಂದು ಛಾಯೆ ಕೊಡುವುದನ್ನು ಇದ್ದಿಲಿನಲ್ಲಿ ಹಿಡಿಯಲು ಒಂದು ದಿನ ಸಾಲದು.

ಬೆಟಗೇರಿಯ ವೀರಗಲ್ಲುಗಳನ್ನು ಬಿಡಬೇಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಕೈಲಾಸ: ವೀರಗಲ್ಲಿನಲ್ಲಿ ಕಥೆ ಕೆಳಗಿನಿಂದ ಮೇಲಕ್ಕೆ ಓದಿಸಿಕೊಳ್ಳುವುದು ಹೀಗೆ. ಕಾಮಿಕ್ಸ್ ಬರೆಯುವ ಹುಚ್ಚಿರುವ ಮಕ್ಕಳನ್ನು ನಾನು ಇಲ್ಲಿಗೇ ಕಳಿಸುತ್ತೇನೆ. ಜೀವಂತ ರೂಪ ಬೇಕಾದವರಿಗೆ ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆ ಇದೆ, 2024ರಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಕೂತು ಮಾಡೆಲ್ ಆಗುವುದಿಲ್ಲ. ನೋಡಿ, ಪುಸ್ತಕದತ್ತ ತಿರುಗಿ, ನೆನಪಿನಿಂದ ಬರೆಯಬೇಕು. ಕೈ ಚುರುಕಾಗಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ.

6. ಕಾಲೇಜು ಬೇಕೋ ಬೇಡವೋ

ಬೇಕು. ಸರಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರ ಹುದ್ದೆಗೆ ಪ್ರಮಾಣಪತ್ರ ಇಲ್ಲದೆ ಅರ್ಜಿಯೂ ಹಾಕಲಾಗದು, ಹುದ್ದೆಗಳು ಎಷ್ಟೇ ಕಡಿಮೆ ಇರಲಿ. ಅದಕ್ಕಿಂತ ಮುಖ್ಯವಾಗಿ, ಕಾಲೇಜಿನಲ್ಲಿ ಜೊತೆಯವರು ಸಿಗುತ್ತಾರೆ. ನಮ್ಮೂರಿನಲ್ಲೇ ಕಲಾವಿದ ಟಿ.ಪಿ. ಅಕ್ಕಿಯವರು ಕಟ್ಟಿದ ಪರಂಪರೆಯ ವಿಜಯ ಲಲಿತಕಲಾ ಮಹಾವಿದ್ಯಾಲಯ ಇರುವುದು ಸಣ್ಣ ಮಾತಲ್ಲ. ಎಷ್ಟೋ ದೊಡ್ಡ ಜಿಲ್ಲೆಗಳಿಗೆ ಆ ಭಾಗ್ಯವಿಲ್ಲ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಒಪ್ಪದ ಮನೆಗಳೂ ಗದಗಿಗೆ ಬಸ್ ಪಾಸ್ ಮಾಡಿಸಿಕೊಡುತ್ತವೆ.

7. ಪ್ರೆಸ್ಸಿನ ಒಳಗೆ ಕೆಲವು ದಿನ ನಿಲ್ಲಿ

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಶಾಬಾದಿಮಠ ಪುಸ್ತಕಾಲಯದಂಥವರು ಅಚ್ಚು ಹಾಕಿದ ನಾಟಕದ ಪುಸ್ತಕ ಹಿಡಿದೇ ಹಳ್ಳಿಗಳು ಜಾತ್ರೆಯಲ್ಲಿ ಬಣ್ಣ ಹಚ್ಚಿವೆ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು ಇದು. ದರ್ಬಾರ್, ಕಾಡು, ರಸ್ತೆಯ ಪರದೆಗಳನ್ನು ಬರೆಯುವ ಕೆಲಸ ಈಗ ಅಪರೂಪ, ಆದರೆ ಹ್ಯಾಂಡ್‌ಬಿಲ್ಲು, ಮುಖಪುಟ, ಲಗ್ನಪತ್ರಿಕೆ ನಿಂತಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಹೊಳೆಯುವ ನೀಲಿ ಕಾಗದದ ಮೇಲೆ ಯಾಕೆ ಮಂಕಾಗುತ್ತದೆ, ನಾಲ್ಕು ಬಣ್ಣದ ಅಚ್ಚು ಹೇಗೆ ಕೂಡುತ್ತದೆ ಎಂದು ತಿಳಿದ ಕಲಾವಿದನಿಗೆ ಪ್ರೆಸ್ಸಿನವರು ತಾವಾಗಿ ಫೋನ್ ಮಾಡುತ್ತಾರೆ.

8. ಬೆಂಗಳೂರಿಗೆ ಯಾವಾಗ?

ಹೋಗಲೇಬೇಕು ಎಂದೇನಿಲ್ಲ, ಹೋಗಿ ನೋಡಿ ಬರಬೇಕು. ಬಾದಾಮಿಯ ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ ನಮ್ಮ ಕಡೆಯ ಕೈಗಳಿಗೂ ಅಲ್ಲಿ ನೆಲೆಯಿದೆ ಎಂದು ತೋರಿಸಿದರು. 1964ರಲ್ಲಿ ಹುಟ್ಟಿದ ಕರ್ನಾಟಕ ಲಲಿತಕಲಾ ಅಕಾಡೆಮಿಯ ಪ್ರದರ್ಶನಕ್ಕೆ ಅರ್ಜಿ ಹಾಕುವುದನ್ನು ವರ್ಷಕ್ಕೊಮ್ಮೆ ಮರೆಯಬೇಡಿ. ಆಯ್ಕೆಯಾಗದಿದ್ದರೂ ಕೆಲಸದ ಫೋಟೋಗಳನ್ನು ಒಂದು ಕಡೆ ಸೇರಿಸುವ ಶಿಸ್ತಾದರೂ ಬರುತ್ತದೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಜನವರಿಯಲ್ಲಿ ಮೊದಲ ಸಲ ನೋಡುವವರಾಗಿ ಹೋಗಿ. ಯಾವ ಅಳತೆಯ ಚಿತ್ರ ಜನರ ಕೈಯಲ್ಲಿ ಮನೆಗೆ ಹೋಗುತ್ತಿದೆ ಎಂದು ಗಮನಿಸಿ. ಮುಂದಿನ ಸಲ ಮಳಿಗೆ ಸಿಕ್ಕರೆ ದೊಡ್ಡ ಕ್ಯಾನ್ವಾಸ್ ಒಂದೆರಡು ಸಾಕು, ಚೀಲದಲ್ಲಿ ಹಿಡಿಯುವ ಕಾಗದದ ಕೆಲಸಗಳು ಹೆಚ್ಚಿರಲಿ. ಲಕ್ಕುಂಡಿಯ ಕಂಬ, ಮಾಗಡಿಯ ಹಕ್ಕಿ ಅಲ್ಲಿಯ ಉಳಿದ ಮಳಿಗೆಗಳಲ್ಲಿ ಸಿಗುವುದು ಅಪರೂಪ. ಗಾಜು ಹಾಕಿದ ಚೌಕಟ್ಟನ್ನು ರೈಲಿನಲ್ಲಿ ಒಯ್ಯಬೇಡಿ. ಮಾರಾಟವಾಗದೆ ಉಳಿದದ್ದನ್ನು ವಾಪಸ್ ತರುವ ಖರ್ಚನ್ನೂ ಹೊರಡುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.