ಹೊಳಿ ದಾಟುವ ಮುನ್ನ

ಐಹೊಳೆ ಮಲಪ್ರಭೆಯ ಒಂದು ದಂಡೆಗಿದೆ, ಪಟ್ಟದಕಲ್ಲು ಇನ್ನೊಂದು ದಂಡೆಗೆ. ರಸ್ತೆ ಹಿಡಿದು ಹೋದರೆ ನಡುವೆ 14 ಕಿ.ಮೀ. ಆಸುಪಾಸು. ಸೇತುವೆಯಿದೆ, ಬಸ್ಸಿದೆ, ಅರ್ಧ ತಾಸಿನ ಹಾದಿ. ಆದರೂ ಚಳಿಗಾಲ ಬಂತೆಂದರೆ ನಾಲ್ಕೈದು ಸಲವಾದರೂ ಶಾಲೆ, ಕಾಲೇಜಿನ ಮಕ್ಕಳು ನನ್ನ ಜೊತೆ ಹೊಳೆಯಗುಂಟ ನಡೆದು, ನೀರಿಗಿಳಿದು ಹೊಳೆ ದಾಟಿ, ಒದ್ದೆ ಕಾಲಲ್ಲೇ ಪಟ್ಟದಕಲ್ಲು ಸೇರುತ್ತಾರೆ. ಬಸ್ಸಿನಿಂದಿಳಿದು ಗುಡಿ ನೋಡುವವರಿಗೆ ಈ ಎರಡೂ ಊರು ಬೇರೆ ಬೇರೆ. ನಡೆದು ಬಂದವರಿಗೆ ಒಂದೇ ಹೊಳೆಯ ಎರಡು ಮೆಟ್ಟಿಲು. ಈ ನಡಿಗೆ ನನಗೆ ಕಲಿಸಿದ್ದನ್ನು, ಮಕ್ಕಳನ್ನು ಹೀಗೆ ಕರೆದೊಯ್ಯಬೇಕೆನ್ನುವ ಶಿಕ್ಷಕರಿಗೆಂದು ಬರೆದಿಡುತ್ತಿದ್ದೇನೆ.

1. ಆಕಾಶ ನೋಡಿ ಹೊರಡಬೇಡಿ, ಅಣೆಕಟ್ಟು ಕೇಳಿ ಹೊರಡಿ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ಮಳೆಯ ನಾಡಿನಲ್ಲಿ. ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಆಕೆಗೆ ಅಣೆಕಟ್ಟು. ಅದರ ಹಿಂದಿನ ರೇಣುಕಾಸಾಗರ 37.73 ಟಿಎಂಸಿ ಹಿಡಿಯುತ್ತದೆ. ಅಲ್ಲಿಂದ ಈಚೆಗೆ ನಡುನಡುವೆ ಬ್ಯಾರೇಜುಗಳು, ಬಾಂದಾರಗಳು. ಹಾಗಾಗಿ ನಮ್ಮೂರ ಮುಂದಿನ ಹೊಳೆ ಏರುವುದಕ್ಕೂ ಇಳಿಯುವುದಕ್ಕೂ ನಮ್ಮೂರ ಮಳೆಗೂ ಅಷ್ಟೇನೂ ಸಂಬಂಧವಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಹೊಳೆಗೆ ನೀರು ಬಿಡುತ್ತಾರೆ. ನೆತ್ತಿಯ ಮೇಲೆ ಒಂದು ತುಣುಕು ಮೋಡವಿರುವುದಿಲ್ಲ, ಕಾಲ ಬುಡದಲ್ಲಿ ನೀರು ಏರುತ್ತಿರುತ್ತದೆ.

ಇದನ್ನು ನಾನು ಕಲಿತದ್ದು ಒಂದು ಫೆಬ್ರುವರಿಯಲ್ಲಿ. ಜೊತೆಗೆ 22 ಮಕ್ಕಳಿದ್ದರು. ಬೆಳಗ್ಗೆ ಹೊಳೆಯ ನಡುವಿನ ಉಸುಕಿನ ದಿಬ್ಬಕ್ಕೆ ಹೋಗುವಾಗ ನೀರು ಹಿಮ್ಮಡಿ ಮುಚ್ಚುವಷ್ಟಿತ್ತು. ದಿಬ್ಬದ ಮೇಲೆ ಬುತ್ತಿ ಬಿಚ್ಚಿದೆವು, ಮಕ್ಕಳು ಉಸುಕಿನಲ್ಲಿ ಗುಡಿ ಕಟ್ಟಿದರು, ಒಂದು ತಾಸು ಹೋದದ್ದೇ ತಿಳಿಯಲಿಲ್ಲ. ಎದ್ದು ನೋಡಿದರೆ ಬಂದ ಹಾದಿಯಲ್ಲೂ ಹೋಗಬೇಕಾದ ಹಾದಿಯಲ್ಲೂ ನೀರು ಮೊಳಕಾಲಿಗೆ ಬಂದಿತ್ತು. ತಿಳಿಯಾಗಿದ್ದ ನೀರಿಗೆ ಚಹಾದ ಬಣ್ಣ. ಮೇಲೆ ಒಣ ಕಡ್ಡಿ, ಬುರುಗು. ದೊಡ್ಡ ಹುಡುಗರನ್ನು ಸಾಲಿಗೆ ನಿಲ್ಲಿಸಿ, ಸಣ್ಣವರನ್ನು ಹೆಗಲ ಮೇಲೆ ಹೊತ್ತು, ಬಂದ ದಂಡೆಗೇ ಮರಳಿದೆವು. ಯಾರಿಗೂ ಏನೂ ಆಗಲಿಲ್ಲ. ದಂಡೆಯ ಹೊಲದ ಯಜಮಾನರು ಕೇಳಿದ ಒಂದೇ ಮಾತು ಈಗಲೂ ಕಿವಿಯಲ್ಲಿದೆ: "ನೀರು ಬರತೈತಂತ ನಿನ್ನೇನ ಮೋಟಾರ ಮ್ಯಾಲೆ ಎಳದೇವಲ್ಲೋ ತಮ್ಮಾ, ಒಂದ ಮಾತ ಕೇಳಬಾರದೇನು?"

ತಪ್ಪು ನನ್ನದೇ. ನೀರು ಬಿಟ್ಟಿರುವುದು ಪಂಪ್‌ಸೆಟ್ಟಿರುವ ಪ್ರತಿ ರೈತರಿಗೂ ಗೊತ್ತಿತ್ತು. ಹೊಳೆಯನ್ನು ಬಾಲ್ಯದಿಂದ ಬಲ್ಲೆನೆಂಬ ಧೈರ್ಯದಲ್ಲಿ ನಾನು ಒಬ್ಬರನ್ನೂ ಕೇಳಿರಲಿಲ್ಲ. ಅಂದಿನಿಂದ ನಡಿಗೆಗೆ ಮೂರು ದಿನ ಮೊದಲೊಮ್ಮೆ, ಹಿಂದಿನ ಸಂಜೆಯೊಮ್ಮೆ ನೀರಾವರಿಯವರಿಗೆ ಫೋನು ಮಾಡುತ್ತೇನೆ. ಅವರು ಏನೇ ಹೇಳಲಿ, ಬೆಳಗ್ಗೆ ಎದ್ದವನೇ ದಂಡೆಯ ಮೋಟಾರುಗಳನ್ನು ನೋಡಿ ಬರುತ್ತೇನೆ. ಮೋಟಾರು ಮೇಲೆ ಹೋಗಿದ್ದರೆ ಅವತ್ತು ಹೊಳೆಗಿಳಿಯುವುದಿಲ್ಲ.

2. ಅಣೆಕಟ್ಟಿಲ್ಲದ ಹಳ್ಳವೂ ಇದೆ

ನವಿಲುತೀರ್ಥದ ಗೇಟು ಮುಚ್ಚಿದೆ ಎಂದೊಡನೆ ನೆಮ್ಮದಿ ಪಡಬೇಡಿ. ಬೆಣ್ಣಿಹಳ್ಳ ಅಣೆಕಟ್ಟಿನಿಂದ ಈಚೆಗೆ ಮಲಪ್ರಭೆಯನ್ನು ಕೂಡುತ್ತದೆ. ನವಲಗುಂದದ ಕಡೆ ಎರಿ ನೆಲದ ಮೇಲೆ ಜೋರು ಮಳೆಯಾದರೆ ಆ ನೀರನ್ನು ತಡೆದು ನಿಲ್ಲಿಸುವುದು ಏನೂ ಇಲ್ಲ, ಎಲ್ಲ ಹಳ್ಳ ಹಿಡಿದು ಹೊಳೆಗೆ ಬರುತ್ತದೆ. ಅದಕ್ಕೇ ಅಡ್ಡಮಳೆಯ ತಿಂಗಳುಗಳಲ್ಲಿ ನಾನು ನಡಿಗೆ ಇಟ್ಟುಕೊಳ್ಳುವುದಿಲ್ಲ. ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ, ಅಷ್ಟೇ ನನ್ನ ಕಾಲ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿ ನಿಂತಿತ್ತು. ಆ ಫೋಟೋ ನನ್ನ ಮೊಬೈಲಿನಲ್ಲಿದೆ. ಹೊರಡುವ ಮುನ್ನ ಮಕ್ಕಳಿಗೆ ತೋರಿಸುತ್ತೇನೆ, ಬಳಿಕ ಮುಂದಿನ ತೆಳ್ಳನೆಯ ಹೊಳೆ ತೋರಿಸುತ್ತೇನೆ.

3. ಹಿಂದಿನ ಸಂಜೆ ಮೇಗುತಿ ಹತ್ತಿ

ಐಹೊಳೆಯ ಗುಡ್ಡದ ಮೇಲಿನ ಮೇಗುತಿ ಗುಡಿಗೆ ಎಲ್ಲರೂ ರವಿಕೀರ್ತಿಯ ಶಾಸನ ನೋಡಲು ಹೋಗುತ್ತಾರೆ. ಕ್ರಿ.ಶ. 634ರದು, ಇಮ್ಮಡಿ ಪುಲಕೇಶಿಯ ಕಾಲದ್ದು. ನೋಡಲೇಬೇಕು. ನೋಡಿದ ಮೇಲೆ ಹೊರಬಂದು, ಬೆನ್ನು ಗುಡಿಗೆ ಮಾಡಿ ಹೊಳೆಯ ಕಡೆ ತಿರುಗಿ ನಿಲ್ಲಿ. ಕೆಳಗೆ ನಡೆಯುವಾಗ ಹೊಳೆ ಎಂದೂ ಪೂರ್ತಿ ಕಾಣುವುದಿಲ್ಲ, ಜಾಲಿಕಂಟಿ ಅಡ್ಡ ಬರುತ್ತದೆ, ಕಬ್ಬು ಅಡ್ಡ ಬರುತ್ತದೆ. ಮೇಲಿನಿಂದ ಅದರ ಬಳುಕು, ಉಸುಕು ಬೆಳ್ಳಗೆ ಹರಡಿದ ಜಾಗ, ನೀರು ಕಪ್ಪಗೆ ನಿಂತ ಜಾಗ ಎಲ್ಲ ಕಾಣುತ್ತವೆ. ಕಪ್ಪಗೆ ಕಂಡದ್ದು ಮಡು. ಮಕ್ಕಳ ಕೈಲಿ ಒಂದೊಂದು ಹಾಳೆ ಕೊಟ್ಟು ಹೊಳೆಯ ಗೆರೆ ಎಳೆಸುತ್ತೇನೆ, ಮಡುವಿದ್ದಲ್ಲಿ ಕಪ್ಪು ತುಂಬಿಸುತ್ತೇನೆ. ತಾವೇ ಬರೆದ ನಕ್ಷೆಯನ್ನು ಮಕ್ಕಳು ಮರುದಿನ ಮರೆಯುವುದಿಲ್ಲ.

ಪರಶುರಾಮ ಕೊಡಲಿ ತೊಳೆದು ಹೊಳೆ ಕೆಂಪಾಯಿತು, ಕಂಡ ಹೆಂಗಸು "ಅಯ್ಯೋ ಹೊಳೆ" ಎಂದಳು ಎಂಬ ಕತೆಯನ್ನೂ ಇಲ್ಲೇ ಹೇಳುವುದು. ಊರ ಹೆಸರಿನ ನಿಜ ವ್ಯುತ್ಪತ್ತಿ ಅದಲ್ಲ, ಶಾಸನಗಳಲ್ಲಿ ಊರು ಅಯ್ಯಾವೊಳೆ. ಆದರೂ ಬಣ್ಣ ಬದಲಾದ ಹೊಳೆ ಕಂಡು ಒಬ್ಬಳು ಕೂಗಿದಳು ಎಂಬ ಕತೆ ಮಕ್ಕಳ ಮನಸ್ಸಿನಲ್ಲಿರಲಿ ಎಂಬುದು ನನ್ನ ಆಸೆ. ಬಣ್ಣ ಬದಲಾದರೆ ಕೂಗಬೇಕು.

4. ಮುಂದೆ ನಡೆಯುವವರು ದಂಡೆಯವರಾಗಿರಲಿ

ನಾನು ಗುಡಿಗಳ ಕತೆ ಹೇಳಬಲ್ಲೆ. ನೀರಿನ ಮುಂದೆ ನಾನು ಎರಡನೆಯವನು. ನಮ್ಮ ಸಾಲಿನ ಮುಂದೆ ನಡೆಯುವವರು ಅಂಬಿಗರ ಮನೆಯ ಹಿರಿಯರೊಬ್ಬರು, ಎಲ್ಲರಿಗೂ ಕಾಕಾ. ಒಮ್ಮೆ ಹೊಳೆ ಕಿರಿದಾಗಿ, ನೀರು ಕನ್ನಡಿಯಂತೆ ನಿಂತ ಜಾಗ ಕಂಡು ಕೇಳಿದೆ: "ಕಾಕಾ, ಇಲ್ಲೇ ದಾಟೂಣೇನು? ನಾಕ ಹೆಜ್ಜಿ ಐತಿ."

"ಬ್ಯಾಡ. ಇಲ್ಲಿ ನೀರು ಸುಮ್ಮನೈತಿ ನೋಡು. ಅಲ್ಲಿ ಕಲ್ಲಮ್ಯಾಲೆ ಸಪ್ಪಳ ಮಾಡಾಕತ್ತೈತಲ್ಲ, ಅಲ್ಲಿ ಹೋಗೂಣು."

ಸಪ್ಪಳವಿದ್ದ ಜಾಗ ಮೂರು ಪಟ್ಟು ಅಗಲ, ನೀರು ಕಣಕಾಲಷ್ಟು. ಕನ್ನಡಿಯಂಥ ಜಾಗದಲ್ಲಿ ಕಾಕಾ ಬಡಿಗೆ ಇಳಿಬಿಟ್ಟು ತೋರಿಸಿದರು. ಬಡಿಗೆ ಪೂರ್ತಿ ಮುಳುಗಿತು, ತಳ ಸಿಗಲಿಲ್ಲ. ಉಸುಕು ತೆಗೆದ ತಗ್ಗು ಅದು. ಹಳೆಯ ಮಡು ಎಲ್ಲಿದೆಯೆಂದು ಊರಿಗೆ ಗೊತ್ತಿರುತ್ತದೆ, ಉಸುಕಿನವರು ತೋಡಿದ ತಗ್ಗು ವರ್ಷ ವರ್ಷ ಜಾಗ ಬದಲಿಸುತ್ತದೆ. ಹಾಗಾಗಿ ಹೋದ ವರ್ಷ ದಾಟಿದ ಜಾಗ ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಮೊರೆಕಂಬ್ ಎಂಬ ಕೊಲ್ಲಿಯಿದೆ. ಸಮುದ್ರ ಇಳಿದಾಗ ಮೈಲುಗಟ್ಟಲೆ ಉಸುಕು ಬಯಲಾಗುತ್ತದೆ, ಜನ ಅದನ್ನು ನಡೆದು ದಾಟುತ್ತಾರೆ. ಹಾದಿ ತೋರಲು ಅಲ್ಲಿಯ ಅರಸೊತ್ತಿಗೆಯ ಹೆಸರಿನಲ್ಲೇ ಒಬ್ಬ ಮಾರ್ಗದರ್ಶಕ ಇರುವ ಪದ್ಧತಿ ಶತಮಾನಗಳದ್ದು. ಸೆಡ್ರಿಕ್ ರಾಬಿನ್ಸನ್ ಎಂಬ ಮೀನುಗಾರ 1963ರಿಂದ 2019ರವರೆಗೆ ಆ ಕೆಲಸ ಮಾಡಿದರು. ಜನರನ್ನು ಕರೆದೊಯ್ಯುವ ಮೊದಲು ತಾವೇ ಹೋಗಿ ಹಾದಿ ಪರೀಕ್ಷಿಸಿ, ಗಟ್ಟಿ ನೆಲದಗುಂಟ ಗಿಡದ ಕೊಂಬೆ ನೆಟ್ಟು ಬರುತ್ತಿದ್ದರು. ಅದೇ ಕೊಲ್ಲಿಯಲ್ಲಿ 2004ರ ಫೆಬ್ರುವರಿ 5ರ ರಾತ್ರಿ ಚಿಪ್ಪು ಆಯಲು ಇಳಿದಿದ್ದ ಚೀನಾದ ವಲಸೆ ಕೂಲಿಗಳಲ್ಲಿ ಕನಿಷ್ಠ 21 ಮಂದಿ ಏರಿಬಂದ ನೀರಿಗೆ ಸಿಕ್ಕಿ ಸತ್ತರು. ಇದನ್ನು ಓದಿದ ದಿನ ನಾನು ಕಾಕಾನ ಮನೆಗೆ ಹೋಗಿ, ಇನ್ನು ಮುಂದೆ ನೀವಿಲ್ಲದೆ ಹೊಳೆಗಿಳಿಯುವುದಿಲ್ಲ ಎಂದು ಹೇಳಿ ಬಂದೆ. ಅವರ ದಿನದ ಕೂಲಿ ನಡಿಗೆಯ ಖರ್ಚಿನಲ್ಲಿ ಮೊದಲ ಬಾಬ್ತು. ಸಮಾಧಾನಕ್ಕೆ ಕೊಡುವ ಭಕ್ಷೀಸು ಅಲ್ಲ ಅದು, ಕಸುಬಿಗೆ ಕೊಡುವ ಹಣ.

5. ನೀರಿನ ಅಂಚಿಗೆ ಒಂದು ದಂಟು

ರಾಬಿನ್ಸನ್ ಅವರ ಕೊಂಬೆಗಳಿಂದ ನಾವೂ ಒಂದು ರೂಢಿ ಮಾಡಿಕೊಂಡೆವು. ಹಿಂದಿನ ದಿನ ಕಾಕಾ ಮತ್ತು ನಾನು ದಾಟಿ ನೋಡಿ, ಗಟ್ಟಿ ನೆಲದ ಎರಡೂ ಬದಿಗೆ ಲಕ್ಕಿ ಗಿಡದ ಕೊಂಬೆ ನೆಡುತ್ತೇವೆ. ಇದಕ್ಕಿಂತ ಮುಖ್ಯವಾದದ್ದು ದಂಟು. ಹೊಳೆ ಮುಟ್ಟಿದ ಕೂಡಲೇ ನೀರು ಎಲ್ಲಿಗೆ ನಿಂತಿದೆಯೋ ಆ ಅಂಚಿಗೆ ಸರಿಯಾಗಿ ಒಂದು ಜೋಳದ ದಂಟು ಚುಚ್ಚಬೇಕು. ಕುಡುಗೋಲಿನಿಂದ ಅದಕ್ಕೆ ಬೆರಳಗಲಕ್ಕೊಂದರಂತೆ ಗೀರು. ಬಳಿಕ ಅರ್ಧ ತಾಸು ಕೂಡುವುದು.

ಈ ಅರ್ಧ ತಾಸು ಕೂಡಿಸುವುದೇ ಕಷ್ಟದ ಕೆಲಸ. ಎಲ್ಲರಿಗೂ ನೀರಿಗಿಳಿಯುವ ಅವಸರ. ನಾನು ಆಗ ಅಯ್ಯಾವೊಳೆ ಐನೂರ್ವರ ಕತೆ ತೆಗೆಯುತ್ತೇನೆ. ಈ ಊರ ಹೆಸರು ಹೊತ್ತ ವರ್ತಕ ಸಂಘದ ಹೆಸರು ಕಡಲಾಚೆಯ ಸುಮಾತ್ರಾದ ಬಾರೂಸ್ ಬಳಿಯ 1088ರ ತಮಿಳು ಶಾಸನದಲ್ಲೂ ಸಿಕ್ಕಿದೆ. ಅಷ್ಟು ದೂರ ಹೋದವರೂ ಹೊರಡುವಾಗ ಯಾವುದೋ ದಂಡೆಯ ಮೇಲೆ ಕತ್ತೆ, ಎತ್ತುಗಳನ್ನು ನಿಲ್ಲಿಸಿಕೊಂಡು ನೀರು ಇಳಿಯಲೆಂದು ಕಾದಿರಬೇಕಲ್ಲ? ಕತೆ ನಡೆದಿರುವಾಗ ಒಬ್ಬ ಹುಡುಗಿಯೋ ಹುಡುಗನೋ ದಂಟಿನ ಕಾವಲಿಗೆ. ಮೊದಲ ಗೀರು ಒದ್ದೆಯಾದರೆ ಕೂಗಬೇಕು. ಒಂದು ಗೀರು ಏರಿದರೂ ನಾವು ಇಳಿಯುವುದಿಲ್ಲ, ಏಕೆ ಏರಿತು ಎಂದು ಮೊದಲು ವಿಚಾರಿಸುತ್ತೇವೆ.

6. ಕಾಲಿಗೆ ಹಳೆಯ ಕ್ಯಾನ್ವಾಸ್ ಬೂಟು

ಬರಿಗಾಲು ಬೇಡ. ಉಸುಕಿನೊಳಗೆ ಜಾಲಿಮುಳ್ಳು, ಬಾಟಲಿಯ ಗಾಜು, ಒಡೆದ ಚಿಪ್ಪು ಇರುತ್ತವೆ. ಚಪ್ಪಲಿ ರಾಡಿಯಲ್ಲಿ ಕಳಚಿಕೊಳ್ಳುತ್ತದೆ, ಅದನ್ನು ಹಿಡಿಯಲು ಬಾಗಿದ ಮಗು ಮುಗ್ಗರಿಸುತ್ತದೆ. ಶಾಲೆಯ ಹಳೆಯ ಕ್ಯಾನ್ವಾಸ್ ಬೂಟಿನ ಲಾಡಿ ಬಿಗಿದು ಕಟ್ಟಿದರೆ ಸಾಕು. ಜೀನ್ಸ್ ನೀರು ಕುಡಿದು ಭಾರವಾಗುತ್ತದೆ, ತೆಳ್ಳನೆಯ ಪ್ಯಾಂಟು ಒಳ್ಳೆಯದು. ಶಿಕ್ಷಕಿಯರಿಗೆ ಸೀರೆ ಬೇಡವೆಂದು ಹೇಳುತ್ತಿದ್ದೆ. ಆದರೆ ನಮ್ಮೂರ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವಾಗ ಇಳಕಲ್ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ತಲೆಯ ಮೇಲೆ ಬುಟ್ಟಿಯಿಟ್ಟು ನನಗಿಂತ ನೇರವಾಗಿ ಹೊಳೆ ದಾಟುವುದನ್ನು ಕಂಡ ಮೇಲೆ ಆ ಮಾತು ಬಿಟ್ಟಿದ್ದೇನೆ. ಸೀರೆಯಲ್ಲಿ ನೀರಿಗಿಳಿದು ರೂಢಿಯಿದ್ದವರು ಉಟ್ಟು ಬರಲಿ.

7. ನೀರಿನೊಳಗೆ

ಮುಖ ನೀರು ಬರುವ ಕಡೆಗೆ, ಹೆಜ್ಜೆ ಓರೆಯಾಗಿ. ಬಡಿಗೆ ಮುಂದಿಟ್ಟು, ಅದು ನಿಂತ ಮೇಲೆ ಕಾಲು. ಒಂದು ಕಾಲು ಊರಿದ ಮೇಲೆ ಇನ್ನೊಂದು ಎತ್ತುವುದು. ಬೆನ್ನಚೀಲದ ಎದೆಪಟ್ಟಿ ಬಿಚ್ಚಿರಲಿ, ಬಿದ್ದರೆ ಚೀಲ ಬಿಡಲು ಬರಬೇಕು. ಸಣ್ಣವರು ನಡುವೆ, ಇಬ್ಬರು ಈಜು ಬಲ್ಲವರು ಸೆಳವಿನ ಕೆಳಗಡೆ, ಹಗ್ಗ ಹಿಡಿದು. ಮಕ್ಕಳಿರುವ ನಡಿಗೆಯಲ್ಲಿ ಅತಿ ಗಿಡ್ಡ ಮಗುವಿನ ಮೊಳಕಾಲೇ ನಮ್ಮ ಅಳತೆ. ಅದಕ್ಕಿಂತ ಮೇಲೆ ನೀರಿದ್ದರೆ ಯಾರೂ ಇಳಿಯುವುದಿಲ್ಲ, ಆರಡಿ ಎತ್ತರದ ಪಿ.ಟಿ. ಮೇಷ್ಟ್ರೂ ಇಳಿಯುವುದಿಲ್ಲ. ನೀರಿನ ನಡುವೆ ಫೋಟೋ ಇಲ್ಲ.

8. ಬುತ್ತಿ

ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ತಲೆಗೆ ಎರಡು ಲೀಟರ್ ನೀರು, ಹೊಳೆಯ ನೀರು ಕುಡಿಯಬಾರದು. ಊಟ ದಂಡೆಯ ಮೇಲೆ, ನಡುಗಡ್ಡೆಯ ಮೇಲೆ ಎಂದೂ ಅಲ್ಲ.

9. ಎಣಿಕೆ

ಹೊರಡುವಾಗ, ನೀರಿಗಿಳಿಯುವ ಮುನ್ನ, ಆಚೆ ದಂಡೆಯಲ್ಲಿ, ಪಟ್ಟದಕಲ್ಲಿನಲ್ಲಿ. ನಾಲ್ಕು ಸಲ, ಗಟ್ಟಿಯಾಗಿ, ಮಕ್ಕಳೇ ಎಣಿಸಬೇಕು. ಇಪ್ಪತ್ತೈದಕ್ಕಿಂತ ಹೆಚ್ಚು ಮಂದಿಯಿದ್ದರೆ ನಾನು ಒಪ್ಪುವುದಿಲ್ಲ.

10. ಹೊಳೆ ದಾಟದ ದಿನವನ್ನೂ ಮೊದಲೇ ಯೋಚಿಸಿಡಿ

ಮಕ್ಕಳಿಗೆ ಹೊರಡುವ ಮೊದಲೇ ಹೇಳಬೇಕು: ಇವತ್ತು ನಾವು ಹೊಳೆಯ ತನಕ ಹೋಗುತ್ತೇವೆ, ದಾಟುವುದು ಬಿಡುವುದು ಅಲ್ಲಿ ತೀರ್ಮಾನ. ಮೊದಲೇ ಹೇಳದಿದ್ದರೆ ದಂಡೆಯ ಮೇಲೆ ಇಪ್ಪತ್ತು ಜೊತೆ ಕಣ್ಣು ನಿಮ್ಮನ್ನೇ ನೋಡುತ್ತವೆ, ಆಗ ಬೇಡ ಎನ್ನಲು ಬಾಯಿ ಬರುವುದಿಲ್ಲ. ನನ್ನ ಆ ಫೆಬ್ರುವರಿಯ ತಪ್ಪಿನಲ್ಲಿ ಇದರ ಪಾಲೂ ಇತ್ತು. ಈಗ ಪ್ರತಿ ನಡಿಗೆಗೂ ಒಂದು ಟೆಂಪೋ ಮಾತಾಡಿ ಇಟ್ಟಿರುತ್ತೇನೆ. ಬೇಕಾಗದಿದ್ದರೂ ಟೆಂಪೋದವನಿಗೆ ಬಾಡಿಗೆ ಸಲ್ಲುತ್ತದೆ.

ಹೋದ ಚಳಿಗಾಲ ಅದು ಬೇಕಾಯಿತು. ಕಾವಲಿಗಿದ್ದ ಏಳನೇ ತರಗತಿಯ ಹುಡುಗಿ ಕತೆಯ ನಡುವೆ ಎದ್ದು ಕೂಗಿದಳು. ಹೋಗಿ ನೋಡಿದರೆ ದಂಟಿನ ಮೊದಲ ಗೀರು ಒದ್ದೆ, ಎರಡನೆಯದರ ಅಂಚಿಗೆ ಬುರುಗಿನ ಸಣ್ಣ ಗೆರೆ. ಬಿಸಿಲು ಹಾಗೇ ಇತ್ತು, ಹೊಳೆ ನೋಡಲು ಹಾಗೇ ಇತ್ತು. ಕಾಕಾ ಒಂದು ಮಾತೂ ಆಡದೆ ಬಡಿಗೆ ಹೆಗಲಿಗೇರಿಸಿ ಹಿಂದೆ ತಿರುಗಿದರು. ಕೆಲವರು ಅತ್ತರು. ಟೆಂಪೋ ಬಂತು, ಪಟ್ಟದಕಲ್ಲಿನ ಸೇತುವೆಯ ಮೇಲೆ ಆ ಹುಡುಗಿಯೇ ನಿಲ್ಲಿಸಲು ಹೇಳಿದಳು. ಎಲ್ಲರೂ ಇಳಿದು ಕಟಕಟೆ ಹಿಡಿದು ನಿಂತರು. ಕೆಳಗೆ ಹೊಳೆ ಉಸುಕಿನ ದಿಬ್ಬಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಡಗಣಕ್ಕೆ ಹರಿಯುತ್ತಿತ್ತು. "ನಮ್ಮ ದಂಟು ಈಗ ಮುಳುಗಿರತೈತಿ ಅಲ್ರೀ ಸರ?" ಅಂದಳು. ಮುಳುಗಿರತೈತಿ ಅಂದೆ. ಆಮೇಲೆ ಅವರೇ ತಲೆ ಎಣಿಸಿಕೊಂಡು ಗಾಡಿ ಹತ್ತಿದರು.