ಟ್ರಾಕ್ಟರಿಗೆ ಕಟ್ಟಿದ ಟ್ರೈಲರಿನ ಹೇರನ್ನು ತೂಗುವ ಕ್ರಮ

ಎತ್ತಿನ ಗಾಡಿಯನ್ನು ಹೂಡಬಲ್ಲ ಪ್ರತಿಯೊಬ್ಬ ಬೇಸಾಯಗಾರನೂ ಹೇರಿನ ಸಮತೂಕವನ್ನು ಅರಿತಿರುವನು. ಹೇರು ಮುಂಭಾರವಾದರೆ ನೊಗವು ಎತ್ತುಗಳ ಹೆಗಲನ್ನು ಅದುಮುವುದು. ಹಿಂಭಾರವಾದರೆ ಮೂಕಿಯು ಮೇಲಕ್ಕೆದ್ದು ಕೊರಳ ಹಗ್ಗವು ಬಿಗಿಯುವುದು. ಎತ್ತುಗಳ ನಡಿಗೆಯಿಂದಲೇ ತಪ್ಪು ತಿಳಿದುಬರುವುದು. ಟ್ರಾಕ್ಟರಾದರೋ ಹೀಗೆ ಎಚ್ಚರಿಕೆ ಕೊಡದು. ಮಿತಿಮೀರಿದ ಹೇರನ್ನೂ ಅದು ಮಟ್ಟವಾದ ರಸ್ತೆಯಲ್ಲಿ ಎಳೆದುಕೊಂಡು ಹೋಗುವುದು. ಇಳಿಜಾರಿನಲ್ಲಿ ಟ್ರೈಲರು ಹಿಂದಿನಿಂದ ನೂಕತೊಡಗಿದಾಗಲೇ ಅಪಾಯವು ತೋರುವುದು.

ಕಣ್ಣಳತೆಯನ್ನು ನಂಬುವುದು ಉಚಿತವಲ್ಲ. ಎತ್ತರವಾಗಿ ಒಟ್ಟಿದ ಹುಲ್ಲು ಹಗುರವಾಗಿರಬಹುದು. ಅರ್ಧ ತುಂಬಿದ ಮರಳು ಮಿತಿಯನ್ನು ಮೀರಬಹುದು. ಕಬ್ಬನ್ನು ಕಾರ್ಖಾನೆಯಲ್ಲಿ ತೂಗುವರಷ್ಟೆ. ಆದರೆ ಆ ತೂಕವು ಹಣದ ಲೆಕ್ಕಕ್ಕಾಗಿ, ದಾರಿಯೆಲ್ಲ ಕಳೆದ ಮೇಲೆ ದೊರೆಯತಕ್ಕದ್ದು.

ತೂಗುವ ಕ್ರಮವು ಹೀಗಿದೆ. ಮೊದಲು ಟ್ರೈಲರಿನ ನೋಂದಣಿ ಪತ್ರದಿಂದ ಬರಿಯ ತೂಕವನ್ನೂ ಹೇರುಸಹಿತವಾದ ಒಟ್ಟು ತೂಕದ ಮಿತಿಯನ್ನೂ ಬರೆದುಕೊಳ್ಳತಕ್ಕದ್ದು. ಅನಂತರ ಡೀಸೆಲನ್ನು ತುಂಬಿ, ಚಾಲಕನು ಕುಳಿತಿರುವಂತೆ, ಟ್ರಾಕ್ಟರೊಂದನ್ನೇ ವೇಬ್ರಿಡ್ಜಿನಲ್ಲಿ ತೂಗತಕ್ಕದ್ದು. ಮೂರನೆಯದಾಗಿ, ಹೇರು ತುಂಬಿದ ಟ್ರೈಲರನ್ನು ಕಟ್ಟಿ, ಮಟ್ಟವಾದ ನೆಲದಲ್ಲಿ, ಟ್ರಾಕ್ಟರಿನ ಚಕ್ರಗಳನ್ನು ಒಮ್ಮೆ, ಟ್ರೈಲರಿನ ಚಕ್ರಗಳನ್ನು ಒಮ್ಮೆ ತೂಗತಕ್ಕದ್ದು.

ಉದಾಹರಣೆಗೆ, ಎರಡು ಚಕ್ರದ ಟ್ರೈಲರೊಂದರ ಮಿತಿಯು ೬,೫೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದರ ಚಕ್ರಗಳ ತೂಕವು ೬,೩೦೦ ಬಂದಿತು. ಮಾಲೀಕನು ತನ್ನ ಹೇರು ಮಿತಿಯೊಳಗಿದೆಯೆಂದು ಭಾವಿಸುವನು. ಆದರೆ ಒಂಟಿಯಾಗಿ ೨,೧೦೦ ತೂಗಿದ ಟ್ರಾಕ್ಟರು ಈಗ ೨,೫೦೦ ತೂಗುವುದು. ಹೆಚ್ಚಿದ ೪೦೦ ಕಿಲೋಗ್ರಾಂ ಕೊಂಡಿಯ ಮೂಲಕ ಟ್ರಾಕ್ಟರಿನ ಮೇಲೆ ಕುಳಿತಿರುವ ಟ್ರೈಲರಿನದೇ ಭಾರವು. ಇವೆರಡನ್ನೂ ಕೂಡಿದರೆ ೬,೭೦೦ ಆಗುವುದು. ಹೇರಿನಲ್ಲಿ ೨೦೦ ಕಿಲೋಗ್ರಾಂ ಇಳಿಸಲೇಬೇಕು. ಚಕ್ರಗಳನ್ನು ಮಾತ್ರ ತೂಗುವವನು ಮೋಸಹೋಗುವುದು ಹೀಗೆಯೇ.

ಕೊಂಡಿಯ ಭಾರವು ಅತಿಯಾದರೆ ಟ್ರಾಕ್ಟರಿನ ಮುಂದಿನ ಚಕ್ರಗಳು ಹಗುರವಾಗಿ, ತಿರುಗಿಸಿದ ಕಡೆಗೆ ತಿರುಗವು. ಮುಂದಿನ ಚಕ್ರಗಳನ್ನು ಮಾತ್ರ ತೂಗಿದಾಗ ಟ್ರಾಕ್ಟರಿನ ಸ್ವಂತ ತೂಕದ ಐದನೆಯ ಒಂದು ಪಾಲಾದರೂ, ಅಂದರೆ ಮೇಲಿನ ಉದಾಹರಣೆಯಲ್ಲಿ ೪೨೦ ಕಿಲೋಗ್ರಾಂ, ಇರುವುದು ಅವಶ್ಯಕ. ಹೇರನ್ನು ತೀರ ಹಿಂದಕ್ಕೆ ಸರಿಸಿದರೆ ಕೊಂಡಿಯು ಮೇಲಕ್ಕೆಳೆಯಲ್ಪಟ್ಟು, ಹಿಂದಿನ ಚಕ್ರಗಳು ಹಿಡಿತ ತಪ್ಪುವುವು. ಟ್ರೈಲರು ಅತ್ತಿತ್ತ ಬಳುಕುವುದು.

೧೯೮೮ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ೧೧೩ನೆಯ ಪ್ರಕರಣವು ನೋಂದಾಯಿತ ಒಟ್ಟು ತೂಕವನ್ನು ಮೀರಿ ಟ್ರೈಲರನ್ನು ನಡೆಸಕೂಡದೆಂದು ವಿಧಿಸಿದೆ. ತಾನೇ ನಡೆಸುವುದನ್ನಷ್ಟೇ ಅಲ್ಲದೆ, ಆಳಿನಿಂದ ನಡೆಸುವುದನ್ನೂ ನಡೆಸಲು ಬಿಡುವುದನ್ನೂ ಅದು ನಿಷೇಧಿಸುವುದು. ೧೧೪ನೆಯ ಪ್ರಕರಣದಂತೆ ಅಧಿಕಾರಿಯು ವಾಹನವನ್ನು ತೂಗಿಸಿ, ಹೆಚ್ಚಿನ ಹೇರನ್ನು ಇಳಿಸುವಂತೆ ಬರಹದ ಮೂಲಕ ಆಜ್ಞಾಪಿಸಬಹುದು. ಆದುದರಿಂದ ಜಮೀನುದಾರನು ತನ್ನ ಹೇರಿನ ತೂಕವನ್ನು ತಿಳಿದಿರುವುದು ಉಚಿತ.

ಪ್ರತಿದಿನವೂ ತೂಗುವುದು ಕಷ್ಟವೆನ್ನುವವರಿಗೆ ಒಂದು ಸುಲಭೋಪಾಯವುಂಟು. ಹಂಗಾಮಿನ ಆರಂಭದಲ್ಲಿ ಕಬ್ಬು, ಗೊಬ್ಬರ, ಮರಳು ಇವುಗಳನ್ನು ಬೇರೆ ಬೇರೆಯಾಗಿ ತುಂಬಿ ತೂಗಿಸಿ, ಮಿತಿಯು ಎಲ್ಲಿಗೆ ಮುಟ್ಟುವುದೋ ಅಲ್ಲಿ ಟ್ರೈಲರಿನ ಹಲಗೆಯ ಮೇಲೆ ಬಣ್ಣದ ಗೆರೆಯನ್ನು ಎಳೆಯಬಹುದು. ಮರಳಾಗಲಿ ಗೊಬ್ಬರವಾಗಲಿ ನೆನೆದಿದ್ದರೆ ಗೆರೆಗಿಂತ ಕೆಳಗೇ ನಿಲ್ಲಿಸತಕ್ಕದ್ದು. ಗ್ರಾಮದ ಮುಖಂಡರು ತಮ್ಮ ಟ್ರೈಲರುಗಳಿಗೆ ಮೊದಲು ಈ ಗೆರೆಯನ್ನು ಹಾಕಿಸಿದರೆ ಉಳಿದವರಿಗೆ ಮೇಲ್ಪಂಕ್ತಿಯಾಗುವುದು.