ಬಿಳಿ ಬೆಟ್ಟದ ಕಣಿವೆ



ಎರಡು ಬೆಟ್ಟಗಳ ನಡುವಿನ ತಗ್ಗು ಜಾಗಕ್ಕೆ ಕಣಿವೆ ಅಂತೀವಿ. ಈ ಪಾಠದಲ್ಲಿ ಒಂದು ದೂರದ ಕಣಿವೆಗೆ ಹೋಗಿ ಬರೋಣ. ಟಿಕೆಟ್ ಬೇಡ, ಬುತ್ತಿ ಬೇಡ. ನಿಧಾನವಾಗಿ ಓದಿದರೆ ಸಾಕು.

ಆ ಕಣಿವೆಯ ಹೆಸರು ಶಮೊನಿ. ಅದು ಫ್ರಾನ್ಸ್ ದೇಶದಲ್ಲಿದೆ. ಯುರೋಪ್ ಖಂಡದಲ್ಲಿ ಆಲ್ಪ್ಸ್ ಎಂಬ ದೊಡ್ಡ ಪರ್ವತ ಸಾಲು ಇದೆ. ನಮಗೆ ಹಿಮಾಲಯ ಹೇಗೋ, ಅವರಿಗೆ ಆಲ್ಪ್ಸ್ ಹಾಗೆ. ಕಣಿವೆಯ ನಡುವೆ ಆರ್ವ್ ಎಂಬ ಹೊಳೆ ಹರಿಯುತ್ತದೆ. ಅದು ಮಂಜುಗಡ್ಡೆ ಕರಗಿದ ನೀರು. ಕಲ್ಲಿನ ಪುಡಿ ಸೇರಿ ಅಕ್ಕಿ ತೊಳೆದ ನೀರಿನ ಹಾಗೆ ಕಾಣುತ್ತದೆ. ಬೇಸಿಗೆಯಲ್ಲೂ ಕೈ ಇಟ್ಟರೆ ಜುಮ್ ಅನ್ನುತ್ತದೆ.

ಊರಿನಿಂದ ತಲೆ ಎತ್ತಿದರೆ ಒಂದು ದೊಡ್ಡ ಬೆಟ್ಟ ಕಾಣುತ್ತದೆ. ಹೆಸರು ಮೋಂ ಬ್ಲಾಂ. ಹಾಗೆಂದರೆ ಬಿಳಿ ಬೆಟ್ಟ. ಆಲ್ಪ್ಸ್ ಸಾಲಿನಲ್ಲಿ ಇದೇ ಎಲ್ಲಕ್ಕಿಂತ ಎತ್ತರ. 2023ರಲ್ಲಿ ಅಳೆದಾಗ 4,805 ಮೀಟರಿಗಿಂತ ಸ್ವಲ್ಪ ಹೆಚ್ಚಿತ್ತು. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಒಂದು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಇಡಿ. ಅದರ ಮೇಲೆ ಇನ್ನರ್ಧ ಇಡಿ. ಆಗ ಬಿಳಿ ಬೆಟ್ಟಕ್ಕೆ ಸಮ ಆಗುತ್ತದೆ!

ಈ ಬೆಟ್ಟದ ತುದಿಯಲ್ಲಿ ಕಲ್ಲು ಕಾಣುವುದಿಲ್ಲ. ಹಿಮದ ದಪ್ಪ ಟೋಪಿ ಇದೆ. ಹಿಮ ಬಿದ್ದರೆ ಎತ್ತರ ಹೆಚ್ಚುತ್ತದೆ, ಗಾಳಿಗೆ ಹಾರಿಹೋದರೆ ತಗ್ಗುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಅಳೆಯುತ್ತಾರೆ. ಬೆಳೆಯುವ ಮಗುವಿನ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆದ ಹಾಗೆ!

ಹಿಂದೆ ಶಮೊನಿ ಬಡ ರೈತರ ಊರು. ಹಸು, ಮೇಕೆ, ಅಷ್ಟಿಷ್ಟು ಬೆಳೆ, ಅಷ್ಟೇ. ಉದ್ದದ ಚಳಿಗಾಲ. ಬೆಟ್ಟ ಎಂದರೆ ಜನಕ್ಕೆ ಭಯ. ಶಾಪದ ಬೆಟ್ಟ ಅಂತ ಕರೆಯುತ್ತಿದ್ದರು. 1741ರಲ್ಲಿ ಇಬ್ಬರು ಇಂಗ್ಲಿಷ್ ಗೃಹಸ್ಥರು ಇಲ್ಲಿನ ಹಿಮ ನೋಡಲು ಬಂದರು. ಹೋಗಿ ಅದರ ಬಗ್ಗೆ ಬರೆದರು. ಓದಿದವರು ತಾವೂ ನೋಡಬೇಕು ಅಂತ ಹೊರಟರು. ನೋಡಿ, ಒಂದು ಬರಹ ಎಷ್ಟು ಜನರನ್ನು ಎಬ್ಬಿಸಿತು! 1786ರ ಆಗಸ್ಟ್ 8ರಂದು ಇಬ್ಬರು ಗಂಡಸರು ಮೊದಲ ಸಲ ಬಿಳಿ ಬೆಟ್ಟದ ತುದಿ ಮುಟ್ಟಿದರು. ಒಬ್ಬ ಊರಿನ ವೈದ್ಯ ಪಕ್ಕಾರ್. ಇನ್ನೊಬ್ಬ ಬೆಟ್ಟದಲ್ಲಿ ಹರಳು ಹುಡುಕಿ ಮಾರುತ್ತಿದ್ದ ಬಾಲ್ಮಾ.

ಹೆಂಗಸರು ಹತ್ತಲಿಲ್ಲವಾ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು.

ಹತ್ತಿದಳು. ಅವಳ ಹೆಸರು ಮರೀ ಪರಾದಿ. ಅವಳು ರಾಣಿಯಲ್ಲ, ಜಮೀನ್ದಾರರ ಮಗಳೂ ಅಲ್ಲ. ಶಮೊನಿಯಲ್ಲಿ ಕಂಡವರ ಮನೆ ಕೆಲಸ ಮಾಡಿ ಬದುಕುತ್ತಿದ್ದವಳು. 1808ರಲ್ಲಿ ಅವಳಿಗೆ 30 ವರ್ಷ. ಬೆಟ್ಟ ಹತ್ತುವ ಗಂಡಸರು ಅವಳನ್ನು ಕರೆದರು. ನೀನು ಬಡವಿ, ತುದಿ ಮುಟ್ಟಿ ಬಂದರೆ ಹೆಸರು ಬರುತ್ತದೆ, ನೋಡಲು ಬಂದವರು ನಾಲ್ಕು ಕಾಸು ಕೊಡುತ್ತಾರೆ ಎಂದರು. ಅವಳು ಯೋಚನೆ ಮಾಡಿದಳು, ಹೊರಟೇಬಿಟ್ಟಳು.

ಹತ್ತುವುದು ಸುಲಭ ಇರಲಿಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತೆಳುವಾಗುತ್ತದೆ. ಉಸಿರು ಸಾಲುವುದಿಲ್ಲ. ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ತುದಿಯ ಹತ್ತಿರ ಮರೀಗೆ ಕಾಲು ಎತ್ತಲು ಆಗಲಿಲ್ಲ. ನನ್ನನ್ನು ಇಲ್ಲೇ ಹಿಮದ ಬಿರುಕಿಗೆ ಹಾಕಿ ನೀವು ಹೋಗಿ ಅಂತ ಬೇಡಿಕೊಂಡಳಂತೆ. ಜೊತೆಗಿದ್ದವರು ಕೈ ಹಿಡಿದು ಎಳೆದರು, ಹಿಂದಿನಿಂದ ನೂಕಿದರು. ಹೇಗೋ ತುದಿ ಮುಟ್ಟಿದಳು. ಬಿಳಿ ಬೆಟ್ಟದ ತುದಿ ಮುಟ್ಟಿದ ಮೊದಲ ಹೆಣ್ಣು ಅವಳು.

ಆಮೇಲೆ ಜನ ಅವಳನ್ನು ಮೋಂ ಬ್ಲಾಂ ಮರೀ ಅಂತಲೇ ಕರೆದರು. ಬಂದ ಪ್ರವಾಸಿಗರಿಗೆ ಅವಳು ತಿಂಡಿ, ಪಾನೀಯ ಕೊಡುತ್ತಿದ್ದಳು. ಅದರಿಂದ ನಾಲ್ಕು ಕಾಸು ನೋಡಿದಳು. ಎಳೆದುಕೊಂಡು ಹೋದರು, ಅವಳು ಹತ್ತಿದ್ದೇನು ಮಹಾ ಅಂತ ಆಡಿಕೊಂಡವರೂ ಇದ್ದಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಮನೆಗೆಲಸದವಳು ಪ್ರಾಣ ಒತ್ತೆ ಇಟ್ಟು ಹೋಗಿದ್ದು ಹೊಟ್ಟೆಪಾಡಿಗೆ. ಆಡಿಕೊಂಡವರಲ್ಲಿ ಎಷ್ಟು ಜನ ಹತ್ತಿದ್ದರು?

30 ವರ್ಷದ ನಂತರ, 1838ರಲ್ಲಿ, ಇನ್ನೊಬ್ಬ ಹೆಂಗಸು ಹತ್ತಿದರು. ಹೆಸರು ಆಂರಿಯೆತ್ ದಾಂಜವಿಲ್. ಇವರು ಅನುಕೂಲಸ್ಥರು. ವಯಸ್ಸು 44. ಉಣ್ಣೆಯ ದಪ್ಪ ಷರಾಯಿ ಹೊಲಿಸಿಕೊಂಡು, ಅದರ ಮೇಲೆ ನಿಲುವಂಗಿ ಹಾಕಿದರು. ಹೆಂಗಸು ಷರಾಯಿ ಹಾಕುವುದು ಆಗ ದೊಡ್ಡ ಸುದ್ದಿ. ದಾರಿ ತೋರಿಸಲು 6 ಜನ, ಹೊರೆ ಹೊರಲು 6 ಜನ. ಬುತ್ತಿಯಲ್ಲಿ 24 ಕೋಳಿ ಇದ್ದವಂತೆ! ಇವರು ತಮ್ಮ ಕಾಲ ಮೇಲೇ ಹತ್ತಿ ಇಳಿದರು. ಕೆಳಗೆ ಬಂದ ಮೇಲೆ ಊಟಕ್ಕೆ ಮರೀಯನ್ನು ಕರೆಸಿದರು. ಮನೆಗೆಲಸದವಳೂ ಸಿರಿವಂತರ ಮನೆ ಹೆಣ್ಣೂ ಒಂದೇ ಪಂಕ್ತಿಯಲ್ಲಿ ಕೂತರು. ಇಡೀ ಕಥೆಯಲ್ಲಿ ನನಗೆ ಇಷ್ಟವಾದ ಜಾಗ ಇದು. ಮುಂದಿನ ವರ್ಷವೇ ಮರೀ ತೀರಿಕೊಂಡಳು.

ಈಗ ಶಮೊನಿಗೆ ಹೋದವರು ಏನೇನು ನೋಡುತ್ತಾರೆ?

ಹತ್ತಲು ಆಗದವರಿಗೆ ತಂತಿ ಮೇಲೆ ಹೋಗುವ ಡಬ್ಬಿ ಇದೆ. ಇದಕ್ಕೆ ರೋಪ್‌ವೇ ಅನ್ನುತ್ತಾರೆ. 1955ರಲ್ಲಿ ಇದು ಮುಗಿಯಿತು. ಊರಿನಿಂದ ಹತ್ತಿದರೆ ಸುಮಾರು 20 ನಿಮಿಷದಲ್ಲಿ ಎಗುಯಿ ದ್ಯು ಮಿದಿ ಎಂಬ ಶಿಖರಕ್ಕೆ ಮುಟ್ಟುತ್ತದೆ. ಅದರ ನೆತ್ತಿ 3,842 ಮೀಟರ್ ಎತ್ತರ. ಅಲ್ಲಿ ಒಂದು ಉಸಿರಿಗೆ ಸಿಗುವ ಗಾಳಿ, ಸಮುದ್ರದ ದಡದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲೂ ಇಲ್ಲ. ಹಾಗಾಗಿ ಅಲ್ಲಿ ಓಡಬಾರದು, ನಿಧಾನ ನಡೆಯಬೇಕು. ಎಳೆ ಕೂಸುಗಳನ್ನು ಅಷ್ಟು ಎತ್ತರಕ್ಕೆ ಕರೆದೊಯ್ಯಬಾರದು.

ಇನ್ನೊಂದು ಕಡೆ ಹಲ್ಲಿನ ರೈಲು. ಹಳಿಗಳ ನಡುವೆ ಹಲ್ಲು ಇರುವ ಇನ್ನೊಂದು ಕಂಬಿ ಇರುತ್ತದೆ. ರೈಲಿನ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ನಮ್ಮ ಹತ್ತಿರದ ಊಟಿ ರೈಲೂ ಕಡಿದಾದ ಜಾಗದಲ್ಲಿ ಹೀಗೇ ಹತ್ತುತ್ತದೆ. ಶಮೊನಿಯ ರೈಲು 1909ರಿಂದ ಮೇಲಿನವರೆಗೆ ಓಡುತ್ತಿದೆ. ಅದಕ್ಕೆ ಮೊದಲು ಹೇಸರಗತ್ತೆ ಮೇಲೆ ಹೋಗುತ್ತಿದ್ದರು.

ಬೇಸಿಗೆಯಲ್ಲಿ ನಡೆಯುವವರು ಬಹಳ. ಬಿಳಿ ಬೆಟ್ಟವನ್ನು ಸುತ್ತುವ ಒಂದು ದಾರಿ ಇದೆ, ಸುಮಾರು 170 ಕಿಲೋಮೀಟರ್. ನಾವು ಗಿರಿ ಪ್ರದಕ್ಷಿಣೆ ಮಾಡುವ ಹಾಗೆ, ಆದರೆ ಹತ್ತು ದಿನದಷ್ಟು ನಡಿಗೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಮೂರು ದೇಶ ದಾಟಬೇಕು. ದಾರಿಯಲ್ಲಿ ಹಸುಗಳು ಸಿಗುತ್ತವೆ. ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಕೊರಳಲ್ಲಿ ದೊಡ್ಡ ಗಂಟೆ. ಹಾಲಿನಿಂದ ಚೀಸ್ ಎಂಬ ಗಟ್ಟಿ ಪದಾರ್ಥ ಮಾಡಿ ಚಳಿಗಾಲಕ್ಕೆ ಇಡುತ್ತಾರೆ. ಮಾರ್ಮಟ್ ಎಂಬ ಪ್ರಾಣಿಯೂ ಇದೆ. ದೊಡ್ಡ ಅಳಿಲಿನ ಜಾತಿ. ಹದ್ದು ಕಂಡರೆ ಸಿಳ್ಳೆ ಹಾಕಿ ತನ್ನವರನ್ನು ಎಚ್ಚರಿಸುತ್ತದೆ. ಚಳಿಗಾಲ ಪೂರ್ತಿ ಬಿಲದಲ್ಲಿ ಮಲಗಿಬಿಡುತ್ತದೆ! ನಮ್ಮ ಕೇಂದ್ರದಲ್ಲಿ ಒಬ್ಬ ಅಕ್ಕ ಇದನ್ನು ಕೇಳಿ, ಪುಣ್ಯವಂತ ಪ್ರಾಣಿ ಅಂದರು.

ಚಳಿಗಾಲದಲ್ಲಿ ಕಾಲಿಗೆ ಉದ್ದನೆ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುತ್ತಾರೆ. ಇದಕ್ಕೆ ಸ್ಕೀಯಿಂಗ್ ಅಂತ ಹೆಸರು. 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ಇಲ್ಲೇ ನಡೆಯಿತು. ಹೆಂಗಸರಿಗೆ ಹಿಮದಾಟ ಒಂದರಲ್ಲೇ ಅವಕಾಶ ಇತ್ತು. ಮಂಜುಗಡ್ಡೆ ಮೇಲೆ ಕುಣಿಯುವ ಆಟ ಅದು. ನಾರ್ವೆ ದೇಶದ 11 ವರ್ಷದ ಸೋನ್ಯಾ ಹೆನಿ ಬಂದಿದ್ದಳು. ಎಂಟು ಹೆಂಗಸರಲ್ಲಿ ಎಂಟನೆಯವಳಾದಳು. ಮುಂದೆ ಅದೇ ಹುಡುಗಿ 1928, 1932, 1936ರಲ್ಲಿ ಚಿನ್ನ ಗೆದ್ದಳು.

ಬೆಟ್ಟದಲ್ಲಿ ಅಪಾಯವೂ ಇದೆ. ಹಿಮದ ರಾಶಿ ಕುಸಿದು ಬೀಳುತ್ತದೆ. ಬಿರುಕುಗಳ ಮೇಲೆ ಹಿಮ ಮುಚ್ಚಿಕೊಂಡು ಮೋಸ ಮಾಡುತ್ತದೆ. ಅದಕ್ಕೇ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ನಡೆಯುತ್ತಾರೆ. ದಾರಿ ತೋರಿಸುವವರನ್ನು ಗೈಡ್ ಅನ್ನುತ್ತಾರೆ. 1821ರಲ್ಲಿ ಶಮೊನಿಯ ಗೈಡ್‌ಗಳು ಸೇರಿ ಒಂದು ಸಂಘ ಮಾಡಿಕೊಂಡರು. ಸತ್ತವರ ಮನೆಯವರಿಗೆ ಸಹಾಯ ಮಾಡಲು ನಿಧಿ ಇಟ್ಟರು. ನಿಮ್ಮ ಉಳಿತಾಯ ಸಂಘದ ಹಾಗೆಯೇ, ಅಲ್ಲವಾ? ಬಹಳ ಕಾಲ ಗೈಡ್ ಕೆಲಸ ಗಂಡಸರದ್ದೇ. 1983ರಲ್ಲಿ ಮಾರ್ತಿನ್ ರೋಲಾಂ ಫ್ರಾನ್ಸಿನ ಮೊದಲ ಮಹಿಳಾ ಗೈಡ್ ಆದರು. ಅಲ್ಲಿ ಅಪಾಯ ಬಂದರೆ 112ಕ್ಕೆ ಫೋನ್ ಮಾಡುತ್ತಾರೆ. ಈಗ ನಮ್ಮ ದೇಶದಲ್ಲೂ ತುರ್ತು ಸಹಾಯಕ್ಕೆ 112 ಇದೆ. ಬರೆದಿಟ್ಟುಕೊಳ್ಳಿ.

ಇನ್ನು ಹಿಮನದಿಯ ಮಾತು. ಇದು ಈ ಕಣಿವೆಯ ದೊಡ್ಡ ಸೋಜಿಗ.

ಮೇಲೆ ವರ್ಷ ವರ್ಷ ಹಿಮ ಬೀಳುತ್ತದೆ. ಹಳೆಯದರ ಮೇಲೆ ಹೊಸದು ಕೂರುತ್ತದೆ. ಮೂಟೆಯಲ್ಲಿ ಹತ್ತಿ ತುಳಿದ ಹಾಗೆ ಕೆಳಗಿನದು ಒತ್ತಿ ಒತ್ತಿ ಮಂಜುಗಡ್ಡೆ ಆಗುತ್ತದೆ. ಆ ಗಡ್ಡೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೆಳಗೆ ಸರಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಸರಿಯುತ್ತದೆ. ಅದಕ್ಕೊಂದು ಸಾಕ್ಷಿ ನೋಡಿ. 1820ರಲ್ಲಿ ಮೂವರು ಗೈಡ್‌ಗಳು ಹಿಮ ಕುಸಿದು ಬಿರುಕಿಗೆ ಬಿದ್ದು ಸತ್ತರು. 1861ರಲ್ಲಿ ಅವರ ಅವಶೇಷ ಬೊಸ್ಸೊಂ ಎಂಬ ಹಿಮನದಿಯ ಕೆಳಗಿನ ತುದಿಯಲ್ಲಿ ಸಿಕ್ಕಿತು. ಹಿಮ ಅವರನ್ನು ಮೆಲ್ಲಗೆ ಊರಿಗೆ ತಂದುಬಿಟ್ಟಿತ್ತು.

ನಮ್ಮ ದೇಶದವರೂ ಆ ಬೆಟ್ಟದಲ್ಲಿ ತೀರಿಕೊಂಡಿದ್ದಾರೆ. 1950ರ ನವೆಂಬರ್ 3ರಂದು ಏರ್ ಇಂಡಿಯಾ ವಿಮಾನ ಬಿಳಿ ಬೆಟ್ಟಕ್ಕೆ ಬಡಿದು 48 ಜನ ಸತ್ತರು. ಅದರಲ್ಲಿ ಹೆಚ್ಚಿನವರು ಹಡಗಿನ ಕೆಲಸಕ್ಕೆ ಹೊರಟ ದುಡಿಯುವ ಜನ. 1966ರ ಜನವರಿ 24ರಂದು ಇನ್ನೊಂದು ಏರ್ ಇಂಡಿಯಾ ವಿಮಾನ ಅದೇ ಬೆಟ್ಟಕ್ಕೆ ಬಡಿಯಿತು. 117 ಜನ ಹೋದರು. ದೊಡ್ಡ ವಿಜ್ಞಾನಿ ಹೋಮಿ ಭಾಭಾ ಅದರಲ್ಲಿದ್ದರು. ಅವರು ಕೆಲವು ವರ್ಷ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು.

ಹಿಮನದಿ ಆ ವಿಮಾನದ ಸಾಮಾನುಗಳನ್ನು ಈಗಲೂ ಕೆಳಗೆ ತರುತ್ತಿದೆ. 2013ರಲ್ಲಿ ಬೆಟ್ಟ ಹತ್ತುವ ಒಬ್ಬನಿಗೆ ಒಂದು ಡಬ್ಬಿ ಸಿಕ್ಕಿತು. ಒಳಗೆ ಪಚ್ಚೆ, ನೀಲ, ಕೆಂಪು ಹರಳುಗಳು! ಅವನು ಅದನ್ನು ಪೊಲೀಸರಿಗೆ ಒಪ್ಪಿಸಿದ. ವಾರಸುದಾರರು ಸಿಗಲಿಲ್ಲ. 2021ರಲ್ಲಿ ಅರ್ಧ ಅವನಿಗೆ ಕೊಟ್ಟರು, ಅರ್ಧ ಊರಿಗೆ ಉಳಿಯಿತು.

ಹರಳಿಗಿಂತ ಬೆಲೆಯ ವಸ್ತು ಇನ್ನೊಂದು ಸಿಕ್ಕಿತು ಅಂತ ನಾನು ಹೇಳುತ್ತೇನೆ. 2020ರ ಬೇಸಿಗೆಯಲ್ಲಿ ಅಲ್ಲಿನ ಹೋಟೆಲಿನವರೊಬ್ಬರು ಹಿಮದಲ್ಲಿ ಒದ್ದೆ ಕಾಗದದ ಕಟ್ಟು ಕಂಡರು. ಬಿಡಿಸಿ ಒಣಗಿಸಿದರು. ಅವು 1966ರ ಭಾರತದ ಪತ್ರಿಕೆಗಳು. ಇಂದಿರಾ ಗಾಂಧಿ ದೇಶದ ಮೊದಲ ಮಹಿಳಾ ಪ್ರಧಾನಿಯಾಗುವ ಸುದ್ದಿ ಅದರಲ್ಲಿತ್ತು. ಅಷ್ಟು ವರ್ಷ ಹಿಮದೊಳಗೆ ಇದ್ದರೂ ಅಕ್ಷರ ಅಳಿಸಿರಲಿಲ್ಲ. ಓದಲು ಬರುತ್ತಿತ್ತು.

ಆದರೆ ಹಿಮನದಿ ಈಗ ಸೊರಗುತ್ತಿದೆ. ಭೂಮಿ ಬಿಸಿಯಾಗುತ್ತಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದ ಹೊಗೆ ಇದಕ್ಕೆ ದೊಡ್ಡ ಕಾರಣ. ಹಲ್ಲಿನ ರೈಲು ಹೋಗುವ ಜಾಗದಲ್ಲಿ ಫ್ರಾನ್ಸಿನ ಅತಿ ದೊಡ್ಡ ಹಿಮನದಿ ಇದೆ. ಹೆಸರು ಮೇರ್ ದ ಗ್ಲಾಸ್, ಮಂಜುಗಡ್ಡೆಯ ಕಡಲು ಅಂತ ಅರ್ಥ. ಅದರೊಳಗೆ ಗುಹೆ ಕೊರೆದು ಜನಕ್ಕೆ ತೋರಿಸುತ್ತಾರೆ. 1988ರಲ್ಲಿ ತಂತಿ ಡಬ್ಬಿ ಇಳಿದವರು ಮೂರು ಮೆಟ್ಟಿಲು ಇಳಿದರೆ ಹಿಮ ಸಿಗುತ್ತಿತ್ತು. ಹಿಮ ತಗ್ಗಿದ ಹಾಗೆ ಮೆಟ್ಟಿಲು ಕಟ್ಟುತ್ತಾ ಹೋದರು. ಕೊನೆಗೆ 500 ದಾಟಿತು! ಮುದುಕರಿಗೆ ಹತ್ತಿ ಬರಲು ಆಗದು. 2024ರಲ್ಲಿ ಹಿಮನದಿಯ ಇನ್ನೂ ಮೇಲಿನ ಭಾಗಕ್ಕೆ ಹೊಸ ಡಬ್ಬಿ ಹಾಕಬೇಕಾಯಿತು.

ಆ ಮೆಟ್ಟಿಲ ದಾರಿಯ ಬಂಡೆಗಳ ಮೇಲೆ ಸಣ್ಣ ಫಲಕಗಳಿವೆ. ಒಂದರ ಮೇಲೆ 1990 ಅಂತ ಬರೆದಿದೆ. ಆ ವರ್ಷ ಹಿಮ ಅಲ್ಲಿಯವರೆಗೆ ಇತ್ತು ಅಂತ ಅರ್ಥ. ಕೆಳಗೆ, ಬಹಳ ಕೆಳಗೆ, 2015ರ ಫಲಕ. ಹಿಮ ಅದಕ್ಕಿಂತಲೂ ಕೆಳಗೆ ಹೋಗಿದೆ. ಫಲಕದಲ್ಲಿ ಇರುವುದು ನಾಲ್ಕೇ ಅಂಕಿ. ಅದನ್ನು ಓದಿದವರು ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಓದಿದ ಮೇಲೆ ಮಾಡಿ

ಪತ್ರಿಕೆಗಳು ಎಷ್ಟು ವರ್ಷ ಹಿಮದಲ್ಲಿದ್ದವು? 2020ರಲ್ಲಿ 1966 ಕಳೆಯಿರಿ.

ಮರೀ ಪರಾದಿ ಬೆಟ್ಟ ಹತ್ತಿದ್ದು ಏಕೆ? ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ.

ನಿಮ್ಮ ಊರಿನ ಕೆರೆಯಲ್ಲಿ ನೀವು ಚಿಕ್ಕವರಿದ್ದಾಗ ನೀರು ಎಲ್ಲಿಯವರೆಗೆ ಇತ್ತು? ಈಗ ಎಲ್ಲಿಯವರೆಗೆ ಇದೆ? ಹಿರಿಯರನ್ನು ಕೇಳಿ, ಆ ವರ್ಷ ಹಾಕಿ ಬರೆದು ತನ್ನಿ.